ಹೊಂಗೆ ಮರದಡಿಯ ಎಣ್ಣೆ ವ್ಯವಹಾರ

ಪೀಣ್ಯದಲ್ಲಿ ವಾರಪೂರ್ತಿ ಎಣ್ಣೆಯಲ್ಲೇ ಕೈಯಾಡಿಸುವವನು ಭಾನುವಾರ ತನ್ನ ಸ್ಪ್ಲೆಂಡರ್‌ನ ಆಯಿಲ್ ಚೇಂಜ್‌ಗೆ ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋಗುತ್ತಾನೆ. ವೈಟ್‌ಫೀಲ್ಡಿನಲ್ಲಿ ವಾರಪೂರ್ತಿ ಕೀಬೋರ್ಡ್ ಬಿಟ್ಟು ಬೇರೇನನ್ನೂ ಮುಟ್ಟದವನು ಭಾನುವಾರ ಹಳೇ ಟೀ ಶರ್ಟ್ ತೊಟ್ಟು ಕಾರಿನಡಿ ಅಂಗಾತ ಮಲಗುತ್ತಾನೆ. ಬೆಂಗಳೂರಿನ ಎರಡು ತುದಿಗಳ ಈ ತಲೆಕೆಳಗು ವ್ಯವಹಾರವನ್ನು ನಾನು ಬಹಳ ಕಾಲದಿಂದ ನೋಡುತ್ತ ಬಂದಿದ್ದೇನೆ. ನೋಡುವ ಅನುಕೂಲವೂ ಚೆನ್ನಾಗಿಯೇ ಒದಗಿದೆ: ಮನೆ ಬಾಗಲಗುಂಟೆಯಲ್ಲಿ, ಕೆಲಸ ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ, ಬಾಮೈದ ಕಾಡುಗೋಡಿಯ ಅಪಾರ್ಟ್‌ಮೆಂಟಿನಲ್ಲಿ, ಮಗಳು ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಯಲ್ಲಿ. ಊರಿನ ಮಧ್ಯದಲ್ಲಿ ನಮಗೆ ಯಾರೂ ಇಲ್ಲ. ಇದ್ದಿದ್ದರೂ ಅವರನ್ನು ನೋಡಲು ಹೋಗಿ ಬರುವಷ್ಟು ಸಮಯ ಯಾರಿಗಿದೆ?

ಸ್ಟೋರ್ಸಿನವನಿಗೆ ಎಣ್ಣೆಯ ವಿಷಯದಲ್ಲಿ ಒಂದು ಬಗೆಯ ಅರ್ಧ ಪಾಂಡಿತ್ಯ ಬಂದುಬಿಡುತ್ತದೆ. 210 ಲೀಟರಿನ ಬ್ಯಾರೆಲ್ ಬಂದರೆ ಒಳಗೆ ಬರೆದುಕೊಳ್ಳಬೇಕು, ಕ್ಯಾನ್ ಲೆಕ್ಕದಲ್ಲಿ ಹೊರಗೆ ಹೋದರೆ ಸಹಿ ಹಾಕಿಸಿಕೊಳ್ಳಬೇಕು. ಹೈಡ್ರಾಲಿಕ್‌ಗೆ 68, ಸ್ಪಿಂಡಲ್‌ಗೆ ತೆಳ್ಳನೆಯದು, ಸ್ಲೈಡಿಗೆ ಜಿಗುಟು, ಲೇತಿನ ಟೂಲ್ ತುದಿಗೆ ನೀರಿನಲ್ಲಿ ಕಲೆಸಿದೊಡನೆ ಬೆಳ್ಳಗಾಗುವ ಕಟಿಂಗ್ ಆಯಿಲ್. ಇಷ್ಟೆಲ್ಲ ಬಾಯಿಪಾಠವಿದ್ದರೂ ಒಂದು ನಟ್ಟನ್ನು ಸ್ವಂತ ಕೈಯಿಂದ ಬಿಚ್ಚುವ ಪ್ರಸಂಗ ಸ್ಟೋರ್ಸಿನವನಿಗೆ ಬರುವುದಿಲ್ಲ. ಬಿಚ್ಚುವವರು ಶಾಪ್ ಫ್ಲೋರಿನವರು. ಶಿಫ್ಟ್ ಬಿಟ್ಟಾಗ ಅವರು ಕೈತೊಳೆಯುವುದನ್ನು ನೋಡಬೇಕು. ಮೊದಲು ಬನಿಯನ್ ವೇಸ್ಟಿನಲ್ಲಿ ಒರೆಸುವುದು, ಆಮೇಲೆ ಮರದ ಹೊಟ್ಟು ಹಾಕಿ ಉಜ್ಜುವುದು, ಅದರ ಮೇಲೆ ಸೋಪಿನ ಪುಡಿ, ಕೊನೆಗೆ ನೀರು. ಇಷ್ಟಾದರೂ ಉಗುರಿನ ಸಂದಿಯ ಕಪ್ಪು ಜಪ್ಪಯ್ಯ ಎಂದರೂ ಬಿಡುವುದಿಲ್ಲ. ನಮ್ಮ ಹಿರಿಯ ಟರ್ನರ್ ಒಬ್ಬರನ್ನು, ನಿಮ್ಮ ಗಾಡಿಯ ಆಯಿಲ್ ನೀವೇ ಯಾಕೆ ಬದಲಾಯಿಸಬಾರದು ಎಂದು ಕೇಳಿದೆ. "ಆರು ದಿನ ಕಂಪನಿ ಎಣ್ಣೆ ಸಾರ್. ಏಳನೇ ದಿನಾನೂ ಎಣ್ಣೆ ಕೈಯಲ್ಲಿ ಹೋದ್ರೆ ಮನೆ ಒಳಗೆ ಸೇರಿಸ್ಕೊಳ್ಳಲ್ಲ" ಎಂದರು. ಮೈಕ್ರಾನ್ ಲೆಕ್ಕದಲ್ಲಿ ಉಕ್ಕು ಕೆತ್ತುವ ಮನುಷ್ಯ. ಬೈಕಿನ ಡ್ರೇನ್ ಬೋಲ್ಟ್ ಬಿಚ್ಚುವುದು ಅವರಿಗೆ ಎಡಗೈ ಕೆಲಸ. ಅದಕ್ಕೇ ಇರಬೇಕು, ಅದರಲ್ಲಿ ಅವರಿಗೆ ಎಳ್ಳಷ್ಟೂ ಹುರುಪಿಲ್ಲ.

ಎಣ್ಣೆ ಬದಲಿಸುವುದು ಎಂಬ ಕೆಲಸವೇ ನಮ್ಮಲ್ಲಿ ಹೊಸದು. ಗುಬ್ಬಿ ಕಡೆಯ ನಮ್ಮೂರಿನಲ್ಲಿ ಅಜ್ಜನ ಎತ್ತಿನ ಗಾಡಿಗೆ ಇದ್ದದ್ದು ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲೆಸಿ, ಬಿದಿರಿನ ಗೊಟ್ಟಕ್ಕೆ ತುಂಬಿ, ಗಾಡಿಯಡಿಗೆ ನೇತುಹಾಕಿರುತ್ತಿದ್ದರು. ಚಕ್ರ ಕಿರುಗುಟ್ಟಿದರೆ ಕಡಾಣಿ ತೆಗೆದು ಬಳಿದರಾಯಿತು. ಹಳೆಯದನ್ನು ತೆಗೆಯುವ ಪ್ರಶ್ನೆಯೇ ಇಲ್ಲ, ಅದು ದಾರಿಯುದ್ದಕ್ಕೂ ತಾನೇ ಸೋರಿ ಮಣ್ಣು ಪಾಲಾಗಿರುತ್ತಿತ್ತು. ಅದೇ ಹರಳೆಣ್ಣೆಯ ಇನ್ನೊಂದು ಪಾಲು ಅಡುಗೆಮನೆಯ ಗೂಡಿನಲ್ಲಿ ಮಕ್ಕಳ ಹೊಟ್ಟೆ ತೊಳೆಯಲೆಂದು ಕಾದು ಕುಳಿತಿರುತ್ತಿತ್ತು. ಮೊದಲನೇ ಮಹಾಯುದ್ಧದ ರೋಟರಿ ಇಂಜಿನ್ ವಿಮಾನಗಳಿಗೂ ಹಾಕುತ್ತಿದ್ದದ್ದು ಹರಳೆಣ್ಣೆಯೇ. ಉರಿಯದೆ ಹೊರಬಿದ್ದ ಎಣ್ಣೆ ಹಿಂದೆ ಕೂತ ಪೈಲಟ್‌ನ ಮುಖಕ್ಕೇ ಸಿಡಿಯುತ್ತಿತ್ತಂತೆ. ಅದರ ಪರಿಣಾಮವನ್ನು ನಮ್ಮಜ್ಜಿಯ ಕೈಯಲ್ಲಿ ಒಂದು ಚಮಚ ಕುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಚಿಕ್ಕಪ್ಪನ ಯೆಜ್ಡಿಯದೂ ಹೆಚ್ಚುಕಡಿಮೆ ಅಜ್ಜನ ಗಾಡಿಯ ಸಿದ್ಧಾಂತವೇ. ಅದು ಟೂ ಸ್ಟ್ರೋಕ್. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು, ಅದು ಇಂಜಿನ್ನಿಗೆ ಉಪಚಾರ ಮಾಡುತ್ತಲೇ ಉರಿದು ಸೈಲೆನ್ಸರಿನಿಂದ ನೀಲಿ ಹೊಗೆಯಾಗಿ ಹೋಗಬೇಕು. ಗೇರ್‌ಬಾಕ್ಸಿನ ಎಣ್ಣೆ ಬೇರೆ, ಅದನ್ನು ಚಿಕ್ಕಪ್ಪ ಯಾವಾಗ ಬದಲಿಸುತ್ತಿದ್ದರೋ ಆ ಚಾಮುಂಡೇಶ್ವರಿಗೇ ಗೊತ್ತು. ಕಿಕ್ ಹೊಡೆದ ಲಿವರನ್ನೇ ಮಡಚಿ ಅದರಲ್ಲೇ ಗೇರ್ ಹಾಕುವ ಆ ಗಾಡಿ ಬೀದಿಗೆ ಬಂದರೆ ಮನೆಯೊಳಗೆ ಕೂತವರಿಗೂ ಚಿಕ್ಕಪ್ಪ ಬಂದದ್ದು ತಿಳಿಯುತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಫೋರ್ ಸ್ಟ್ರೋಕ್, ಹೊಗೆಯಿಲ್ಲ, ಸದ್ದಿಲ್ಲ, ಮೈಲೇಜು ಕೇಳಿದರೆ ನಂಬಿಕೆ ಬರದಷ್ಟು. ಪೆಟ್ರೋಲ್ ತುಂಬಿಸಿ ಮುಚ್ಚಳ ಹಾಕಿ ಮರೆತುಬಿಡಿ ಎಂದು ಜಾಹೀರಾತು ಹೇಳಿತು. ಪೆಟ್ರೋಲಿಗೆ ಹೇಳಿದ ಮಾತನ್ನು ಜನ ಇಂಜಿನ್ ಎಣ್ಣೆಗೂ ಅನ್ವಯಿಸಿಕೊಂಡರು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಎಣ್ಣೆ ಸುಟ್ಟು ಮುಗಿಯುವ ಕಾಲ ಹೋಗಿ, ಎಣ್ಣೆ ಒಳಗೇ ಕೂತು ಹಳತಾಗುವ ಕಾಲ ಬಂತು. ಹಳತಾದದ್ದನ್ನು ಯಾರಾದರೂ ತೆಗೆಯಬೇಕು, ತೆಗೆದದ್ದನ್ನು ಎಲ್ಲಾದರೂ ಇಡಬೇಕು. ಮೊದಲನೆಯ ಅರ್ಧವನ್ನು ಎಲ್ಲರೂ ಚರ್ಚಿಸುತ್ತಾರೆ. ನನಗೆ ಕುತೂಹಲ ಎರಡನೆಯ ಅರ್ಧದ ಮೇಲೆ.

ಎಷ್ಟಕ್ಕೆ ಬದಲಿಸಬೇಕು ಎಂಬುದೇ ಬೆಂಗಳೂರಿನಲ್ಲಿ ತಕರಾರಿನ ವಿಷಯ. ಕಂಪನಿಯ ಪುಸ್ತಕ ಕಿಲೋಮೀಟರ್ ಲೆಕ್ಕ ಹೇಳುತ್ತದೆ. ಆದರೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಇಂಜಿನ್ ಓಡುತ್ತಿರುತ್ತದೆ, ಗಾಡಿ ಓಡುತ್ತಿರುವುದಿಲ್ಲ. ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದಲ್ಲಿ ನಮ್ಮೂರಿನ ನಡುಭಾಗದಲ್ಲಿ 10 ಕಿ.ಮೀ. ದಾಟಲು 29 ನಿಮಿಷ 10 ಸೆಕೆಂಡು ಬೇಕಿತ್ತು, ಲಂಡನ್ ಬಿಟ್ಟರೆ ಜಗತ್ತಿನಲ್ಲಿ ನಾವೇ. ಆ ವೇಗದಲ್ಲಿ 5,000 ಕಿ.ಮೀ. ಮುಗಿಯುವಷ್ಟರಲ್ಲಿ ಇಂಜಿನ್ ಸುಮಾರು 240 ಗಂಟೆ ದುಡಿದಿರುತ್ತದೆ. ಅದೇ ದೂರವನ್ನು ತುಮಕೂರು ರಸ್ತೆಯಲ್ಲಿ 60ರ ವೇಗದಲ್ಲಿ ಓಡಿದ್ದರೆ 83 ಗಂಟೆ ಸಾಕು. ಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಪುಸ್ತಕದ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ, ಧೂಳು ಮತ್ತು ನಿಂತು ನಿಂತು ಸಾಗುವ ಓಡಾಟವಿದ್ದರೆ ಇನ್ನೂ ಬೇಗ ಬದಲಿಸಿ ಎಂದು ಬರೆದಿರುತ್ತದೆ. ಧೂಳು, ನಿಂತು ನಿಂತು ಸಾಗುವುದು: ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಸರ್ಕಲ್‌ನ ವಿಳಾಸವೇ ಅದು.

ನಮ್ಮ ಮೆಕ್ಯಾನಿಕ್‌ಗೆ ಈ ಲೆಕ್ಕವೆಲ್ಲ ಬೇಡ. ಅವನ ಅಂಗಡಿ ಇರುವುದು ಎಂಟನೇ ಮೈಲಿಯಿಂದ ಒಳಗೆ, ಒಂದು ಹೊಂಗೆ ಮರದಡಿ. ಹೊಂಗೆಯೂ ಎಣ್ಣೆಕಾಳಿನ ಮರವೇ, ಹಿಂದೆ ನಮ್ಮ ಕಡೆ ಅದರ ಎಣ್ಣೆಯಿಂದ ದೀಪ ಹಚ್ಚುತ್ತಿದ್ದರು. ಅವನಿಗೆ ಅದರ ನೆರಳು ಬಿಟ್ಟು ಬೇರೇನೂ ಬೇಕಿಲ್ಲ. ಒಂದು ತಗಡಿನ ಪೆಟ್ಟಿಗೆ, ಅದರ ಬಾಗಿಲಿಗೆ ಆಂಜನೇಯ, ಮರಕ್ಕೆ ನೇತುಹಾಕಿದ ಟ್ಯೂಬು, ಸುತ್ತ ಎರಡು ಮಾರು ನೆಲ ತಾರು ಹಾಕಿದಷ್ಟು ಕರ್ರಗೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಎರಡು ನಿಮಿಷ ಇಂಜಿನ್ ಓಡಿಸುತ್ತಾನೆ. ಬಿಸಿಯಾದ ಎಣ್ಣೆ ಸರಾಗ ಇಳಿಯುತ್ತದೆ, ಜೊತೆಗೆ ತಳದ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ಹದಿನೇಳರ ಪಾನಾ ಹಾಕಿ ಬೋಲ್ಟ್ ಸಡಿಲಿಸಿ, ಕೊನೆಯ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ, ಎಣ್ಣೆ ಚಿಮ್ಮುವ ಕ್ಷಣಕ್ಕೆ ಸರಿಯಾಗಿ ಕೈ ಹಿಂದೆಗೆಯುತ್ತಾನೆ. ಮಣಿಕಟ್ಟಿನ ಮೇಲೆ ಒಂದು ಹನಿ ಬೀಳುವುದಿಲ್ಲ. ಇಳಿದ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡುತ್ತಾನೆ, ಲೋಹದ ಪುಡಿ ತಾಗುತ್ತದೆಯೇ ಎಂದು. ಒಮ್ಮೆ ಮೂಸುತ್ತಾನೆ, ಪೆಟ್ರೋಲ್ ಬೆರೆತಿದೆಯೇ ಎಂದು. ಆಮೇಲೆ ಗಾಡಿಯನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ವಾಲಿಸಿ, ಹನಿ ನಿಲ್ಲುವವರೆಗೂ ಒಂದು ಬೀಡಿಯ ಅವಧಿ ಸುಮ್ಮನೆ ಕೂರುತ್ತಾನೆ. ಬೋಲ್ಟ್ ವಾಪಸ್ ಹಾಕುವಾಗ ವಾಶರ್ ತಿರುಗಿಸಿ ಪರೀಕ್ಷಿಸುತ್ತಾನೆ. ಬಿಗಿ ಮಾಡುವಾಗ ಮೊಣಕೈ ಅಲುಗುವುದಿಲ್ಲ, ಮಣಿಕಟ್ಟು ಮಾತ್ರ. ಕೊನೆಗೆ ಒಂದೇ ಒಂದು ಸಣ್ಣ ಎಳೆತ. "ಇಷ್ಟೇ ಸಾರ್. ಇನ್ನೊಂಚೂರು ಅಂದ್ರೆ ತ್ರೆಡ್ ಎದ್ದೋಗುತ್ತೆ. ಅಲ್ಯುಮಿನಿಯಂ ಅಲ್ವಾ, ಮರ್ಯಾದೆ ಕೊಡಬೇಕು." ಸ್ಕೂಟರಾದರೆ ಹಿಂದಿನ ಚಕ್ರದ ಗೇರ್ ಆಯಿಲ್ ಬೇರೆ ಇರುತ್ತದೆ, ನೂರು ಚಿಲ್ಲರೆ ಎಂ.ಎಲ್. ಮಾತ್ರ. ಮನೆಯಲ್ಲೇ ಮಾಡಿಕೊಳ್ಳುವ ವೀರರು ಸಾಮಾನ್ಯವಾಗಿ ಮರೆಯುವುದು ಇದನ್ನೇ. ಅವನು ಮರೆಯುವುದಿಲ್ಲ.

ಕೂಲಿ ನೂರು ರೂಪಾಯಿ. ಎಣ್ಣೆ ನಾವೇ ತಂದುಕೊಡಬಹುದು, ಅವನ ಹತ್ತಿರವೇ ಕೊಳ್ಳಬಹುದು. ಎಣ್ಣೆ ಜೊತೆ ಬಡಾವಣೆಯ ಸಮಗ್ರ ವಾರ್ತೆ ಉಚಿತ. ಯಾರ ಸೈಟಿಗೆ ಸ್ಟೇ ಬಂತು, ಯಾವ ಶೆಡ್ಡಿನಲ್ಲಿ ಆರ್ಡರ್ ಇಲ್ಲದೆ ಎರಡನೇ ಶಿಫ್ಟ್ ನಿಲ್ಲಿಸಿದರು, ಮೇಲ್ಸೇತುವೆ ಮತ್ತೆ ಯಾವಾಗ ಮುಚ್ಚುತ್ತಾರೆ. 2021ರ ಡಿಸೆಂಬರಿನಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್ ಕೆಟ್ಟು ಸಂಚಾರ ನಿಂತಾಗ, ಕೆಳಗಿನ ರಸ್ತೆಯಲ್ಲಿ ನಿಂತ ಗಾಡಿಗಳೆಲ್ಲ ಕ್ಲಚ್ ಸುಟ್ಟುಕೊಂಡು ಅವನಲ್ಲಿಗೇ ಬಂದವಂತೆ. ಅವನ ಮನೆಯ ಎರಡನೇ ಅಂತಸ್ತಿಗೆ ಕಾಂಕ್ರೀಟ್ ಬಿದ್ದದ್ದು ಆ ಪುಣ್ಯದಿಂದ ಎಂದು ಅವನೇ ನಗುತ್ತ ಹೇಳುತ್ತಾನೆ.

ಇನ್ನು ದೊಡ್ಡ ಸರ್ವಿಸ್ ಸೆಂಟರುಗಳು. ಹೆಸರು ಬೇಡ. ಒಳಗೆ ಎ.ಸಿ., ಕಾಫಿ ಯಂತ್ರ, ಗಾಜಿನ ಆಚೆ ನಮ್ಮ ಕಾರು. ಐಸಿಯುನಲ್ಲಿ ಮಲಗಿದ ಬಂಧುವನ್ನು ಗಾಜಿನಿಂದ ಇಣುಕುವ ಹಾಗೆ ನಾವು ಅದನ್ನು ನೋಡುತ್ತಿರಬೇಕು. 'ಫ್ರೀ ಸರ್ವಿಸ್' ಎಂದು ಕರೆದಿರುತ್ತಾರೆ. ಫ್ರೀ ಇರುವುದು ಕೂಲಿ ಮಾತ್ರ, ಎಣ್ಣೆ ಫಿಲ್ಟರ್‌ಗಳಿಗೆ ದುಡ್ಡು ಎಂಬುದು ಬಿಲ್ ಬಂದ ಮೇಲೆ ಹೊಳೆಯುತ್ತದೆ. ನನ್ನ ಹಳೆಯ ಕಾರಿನ ಒಂದು ಬಿಲ್ಲನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಎಣ್ಣೆ, ಫಿಲ್ಟರ್, ಡ್ರೇನ್ ವಾಶರ್: ಇಷ್ಟು ನನಗೆ ಅರ್ಥವಾಯಿತು. ಅದರ ಕೆಳಗೆ ಇಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎ.ಸಿ. ಡಿಸಿನ್ಫೆಕ್ಷನ್, ಇಲಿ ಬರದಂತೆ ಸ್ಪ್ರೇ, ಮತ್ತು 'ಕನ್ಸ್ಯೂಮಬಲ್ಸ್' ಎಂಬ ನಿಗೂಢ ಸಾಲು, ಎಲ್ಲದರ ತಲೆಯ ಮೇಲೆ ಶೇಕಡಾ 18 ಜಿ.ಎಸ್.ಟಿ. ಕನ್ಸ್ಯೂಮಬಲ್ಸ್ ಎಂದರೇನು ಎಂದು ಕೇಳಿದೆ. ಟೈ ಕಟ್ಟಿದ ಹುಡುಗ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, "ಬಟ್ಟೆ, ಗ್ರೀಸು ಎಲ್ಲಾ ಬರುತ್ತೆ ಸರ್" ಎಂದ. ಸ್ಟೋರ್ಸಿನವನಿಗೇ ಬನಿಯನ್ ವೇಸ್ಟ್ ಮಾರಿದ ಧೈರ್ಯ ಮೆಚ್ಚತಕ್ಕದ್ದೇ. ವಾರಂಟಿ ಇರುವವರೆಗೆ ಅಲ್ಲಿಗೇ ಹೋಗುವುದು ಜಾಣತನ, ಅದರಲ್ಲಿ ಎರಡು ಮಾತಿಲ್ಲ. ನಾಳೆ ಇಂಜಿನ್ ಕೈಕೊಟ್ಟರೆ ಕೇಳುವುದು ಮೊದಲು ಸರ್ವಿಸ್ ದಾಖಲೆಯನ್ನೇ. ಇಲಿ ಸ್ಪ್ರೇ ಬೇಡ ಎನ್ನಲು ಮಾತ್ರ ಸಂಕೋಚಪಡಬಾರದು.

ಈ ಬಿಲ್ಲುಗಳಿಂದ ರೋಸಿ ಹೋದವನೇ ನನ್ನ ಬಾಮೈದ. ವೈಟ್‌ಫೀಲ್ಡಿನ ಐ.ಟಿ.ಪಿ.ಎಲ್. ಕಡೆ ಕೆಲಸ. ಅವನ ಅಕ್ಕನ ಮುಂದೆ ಹೇಳಲಾಗದ ಮಾತೆಂದರೆ, ಅವನಿಗೆ ದುಡ್ಡಿಗಿಂತ ಕೈ ಕೊಳೆ ಮಾಡಿಕೊಳ್ಳುವ ಆಸೆಯೇ ಹೆಚ್ಚು. ಅವನು ಬರೆದ ಕೋಡ್ ಎಲ್ಲಿ ಓಡುತ್ತದೋ ಯಾರು ಬಳಸುತ್ತಾರೋ ಅವನಿಗೇ ಸರಿಯಾಗಿ ತಿಳಿಯದು. ಬೋಲ್ಟ್ ಬಿಚ್ಚಿದರೆ ಎಣ್ಣೆ ಬರುತ್ತದೆ, ಹಾಕಿದರೆ ನಿಲ್ಲುತ್ತದೆ. ಆ ಖಾತ್ರಿ ಅವನ ಆಫೀಸಿನಲ್ಲಿ ಯಾರೂ ಕೊಡುವುದಿಲ್ಲ. ಆನ್‌ಲೈನಿನಲ್ಲಿ ಒಂದೊಂದಾಗಿ ಸಾಮಾನು ಬಂದವು: ಕಾರು ಹತ್ತಿಸುವ ಎರಡು ಇಳಿಜಾರು ಹಲಗೆ, ಎಣ್ಣೆ ಹಿಡಿಯುವ ತಟ್ಟೆ, ಫಿಲ್ಟರ್ ಬಿಚ್ಚುವ ಟೋಪಿ, ತಲೆಗೆ ಕಟ್ಟುವ ದೀಪ, ಶಸ್ತ್ರಚಿಕಿತ್ಸಕರ ನೀಲಿ ಕೈಗವಸು, ಎಷ್ಟು ಬಿಗಿ ಎಂದು 'ಟಕ್' ಎಂದು ಹೇಳುವ ಟಾರ್ಕ್ ರೆಂಚ್. ಆ ರೆಂಚನ್ನು ಅವನು ಎರಡೂ ಕೈಯಲ್ಲಿ ಎತ್ತಿ ನನಗೆ ತೋರಿಸಿದ. ನಮ್ಮ ಕಾರ್ಖಾನೆಯಲ್ಲಿ ಅಂಥವನ್ನು ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್‌ಗೆ ಕಳಿಸುವವನು ನಾನೇ ಎಂದು ಹೇಳಿ ಅವನ ಸಂತೋಷಕ್ಕೆ ಕಲ್ಲು ಹಾಕಲಿಲ್ಲ. ಸಾಮಾನಿನ ಖರ್ಚು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಎಂಬ ಎಕ್ಸೆಲ್ ಹಾಳೆಯೂ ಇತ್ತು. ಅದರ ಪ್ರಕಾರ ಕಾರು ಮಾರಿದ ಎರಡು ವರ್ಷದ ನಂತರ ಲಾಭ ಶುರುವಾಗುತ್ತಿತ್ತು.

ಎಣ್ಣೆಯ ಆಯ್ಕೆಗೆ ಅವನು ಪಟ್ಟ ಪಾಡು ಇನ್ನೊಂದು ಅಧ್ಯಾಯ. ಡಬ್ಬಿಯ ಮೇಲೆ 0ಡಬ್ಲ್ಯು-20 ಎಂದಿರುತ್ತದಲ್ಲ, ಆ ಡಬ್ಲ್ಯು ಚಳಿಗಾಲದ ಗುರುತು. ಮುಂದಿನ ಸೊನ್ನೆ ಎಂದರೆ ಮೈನಸ್ 35 ಡಿಗ್ರಿಯಲ್ಲೂ ಇಂಜಿನ್ ತಿರುಗಲು ಆ ಎಣ್ಣೆ ಅಡ್ಡಿ ಮಾಡುವುದಿಲ್ಲ ಎಂಬ ಪ್ರಮಾಣಪತ್ರ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆಗ ವೈಟ್‌ಫೀಲ್ಡ್ ಹುಟ್ಟಿ ಎರಡೇ ವರ್ಷ, ಆಂಗ್ಲೋ ಇಂಡಿಯನ್ ಕುಟುಂಬಗಳ ಬೇಸಾಯಕ್ಕೆಂದು ಮೈಸೂರು ಮಹಾರಾಜರು ಕೊಟ್ಟ ಜಮೀನು. ನಮ್ಮ ಚಳಿಗೆ ಹಳೆಯ 20ಡಬ್ಲ್ಯು-40 ಧಾರಾಳವಾಗಿ ಸಾಲುತ್ತದೆ ಎಂದು ನಾನು ವಾದಿಸಿದೆ. ಬಾಮೈದ ಬಿಡಲಿಲ್ಲ. ತೆಳ್ಳನೆಯ ಎಣ್ಣೆ ಸ್ಟಾರ್ಟ್ ಮಾಡಿದೊಡನೆ ಮೇಲಕ್ಕೇರುತ್ತದೆ, ಮೈಲೇಜಿಗೂ ಒಳ್ಳೆಯದು, ಹೊಸ ಇಂಜಿನ್ನುಗಳ ಸಂದುಗಳನ್ನು ಅದಕ್ಕೆಂದೇ ಕಿರಿದಾಗಿ ಮಾಡಿರುತ್ತಾರೆ ಎಂದ. ಅವನದೇ ಸರಿ. ಕಂಪನಿಯ ಪುಸ್ತಕದಲ್ಲಿ ಯಾವ ನಂಬರ್ ಇದೆಯೋ ಅದನ್ನೇ ಹಾಕಬೇಕು, ಸ್ಟೋರ್ಸಿನವನ ಅರ್ಧ ಪಾಂಡಿತ್ಯ ಅಲ್ಲಿ ನಡೆಯುವುದಿಲ್ಲ. ಇನ್ನೊಂದು ಮಾತು: ಎಣ್ಣೆ ಕಪ್ಪಾಯಿತೆಂದು ಗಾಬರಿ ಬೀಳಬೇಕಿಲ್ಲ. ಮಸಿಯನ್ನು ಇಂಜಿನ್ನಿಗೆ ಅಂಟಲು ಬಿಡದೆ ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಮಾರ್ಜಕ ಎಣ್ಣೆಯಲ್ಲೇ ಇರುತ್ತದೆ. ಕಪ್ಪಾಗಿದೆ ಎಂದರೆ ಕೆಲಸ ಮಾಡುತ್ತಿದೆ ಎಂದು ಅರ್ಥ. ಡೀಸೆಲ್ ಗಾಡಿಯಲ್ಲಂತೂ ವಾರ ಕಳೆಯುವುದರೊಳಗೆ ಕಪ್ಪು.

ಅಂತೂ ಬಿ-2 ಬೇಸ್‌ಮೆಂಟಿನಲ್ಲಿ ಕಾರ್ಯಕ್ರಮ ನಡೆಯಿತು. ನಡೆಯುತ್ತಿರುವಾಗಲೇ ಸೆಕ್ಯುರಿಟಿಯವನು ಬಂದು ಫೋಟೋ ತೆಗೆದ. ಅದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹೋಯಿತು. ಪಾರ್ಕಿಂಗ್ ಇರುವುದು ಪಾರ್ಕಿಂಗ್‌ಗೆ ಎಂದು ಒಬ್ಬರು, ಬೆಂಕಿ ಬಿದ್ದರೆ ಯಾರು ಹೊಣೆ ಎಂದು ಇನ್ನೊಬ್ಬರು, ನನ್ನ ಕಾರಿಗೂ ಮಾಡಿಕೊಡುತ್ತೀರಾ ಎಂದು ಮತ್ತೊಬ್ಬರು. ಕೆಲಸ ಮಾತ್ರ ಚೊಕ್ಕವಾಗಿ ಆಗಿತ್ತು, ನೆಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಉಳಿದದ್ದು ಮೂರು ಲೀಟರಿನಷ್ಟು ಕಪ್ಪು ಎಣ್ಣೆ, ನೀರಿನ ಕ್ಯಾನಿನಲ್ಲಿ.

ಅದು ಯುಟಿಲಿಟಿ ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕ ತಿಂಗಳುಗಟ್ಟಲೆ ಕೂತಿತು. ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಎಂದು ವಿಂಗಡಿಸಿಕೊಳ್ಳುವವರು ಕ್ಯಾನ್ ನೋಡಿ ಕೈಮುಗಿದರು. ಚರಂಡಿಗೆ ಸುರಿಯಲು ಬಾಮೈದನ ಮನಸ್ಸು ಒಪ್ಪಲಿಲ್ಲ, ಒಪ್ಪದಿದ್ದದ್ದು ಒಳ್ಳೆಯದೇ. ಆ ಕಡೆಯ ನೀರೆಲ್ಲ ಕೊನೆಗೆ ಇಳಿಯುವುದು ಕೆರೆಗಳಿಗೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದ್ದನ್ನೂ, 2015ರಿಂದ 2018ರ ನಡುವೆ ಬೆಳ್ಳಂದೂರು ಕೆರೆಗೆ ಮತ್ತೆ ಮತ್ತೆ ಬೆಂಕಿ ಬಿದ್ದದ್ದನ್ನೂ ಕಂಡವರು ಆ ಕಡೆಯ ಜನ. ಆ ಬೆಂಕಿಗೆ ಕಾರಿನ ಎಣ್ಣೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ನೀರಿಗೇ ಬೆಂಕಿ ಹತ್ತಿದ್ದನ್ನು ಕಂಡವನು ಕ್ಯಾನ್ ಬಗ್ಗಿಸುವ ಮುನ್ನ ಎರಡು ಸಲ ಯೋಚಿಸುತ್ತಾನೆ. ಒಂದು ಕಾರಿನಿಂದ ಒಮ್ಮೆ ಇಳಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವ ಮಾತು. ನಮ್ಮ ಲೆಕ್ಕಕ್ಕೆ ಅದು ಸುಮಾರು 38 ಲಕ್ಷ ಲೀಟರ್. ಟ್ಯಾಂಕರ್ ನೀರಿಗೆ ದುಡ್ಡು ಎಣಿಸುವ ವೈಟ್‌ಫೀಲ್ಡಿನವರಿಗೆ ಆ ಅಂಕಿ ಚೆನ್ನಾಗಿ ಅರ್ಥವಾಗುತ್ತದೆ. ಅಮೆರಿಕದಲ್ಲಿ ನಮ್ಮ ನೆಂಟರು ತಮ್ಮ ಕಾರಿನ ಎಣ್ಣೆ ತಾವೇ ಬದಲಿಸುವ ಸುದ್ದಿ ಹೇಳಿ ನಮ್ಮನ್ನು ನಾಚಿಸುತ್ತಾರಲ್ಲ, ಅವರು ಹೇಳದೆ ಬಿಡುವ ಇನ್ನೊಂದು ಸುದ್ದಿಯಿದೆ. ಅಲ್ಲಿ ಬಿಡಿಭಾಗ ಮಾರುವ ದೊಡ್ಡ ಅಂಗಡಿಗಳು ಹಳೆಯ ಎಣ್ಣೆಯನ್ನು ಪುಕ್ಕಟೆ ವಾಪಸ್ ತೆಗೆದುಕೊಳ್ಳುತ್ತವೆ. ಕೂಲಿ ದುಬಾರಿ, ಮನೆಗೊಂದು ಗ್ಯಾರೇಜು, ಹಳೆ ಎಣ್ಣೆಗೊಂದು ದಾರಿ. ಮೂರೂ ಇದ್ದರೆ ನಾವೂ ಬದಲಿಸುತ್ತೇವೆ.

ಬಾಮೈದ ಕಾಡುಗೋಡಿಯ ಮೆಕ್ಯಾನಿಕ್‌ಗೇ ಕ್ಯಾನ್ ಕೊಡಬಹುದಿತ್ತು. ಆದರೆ ಇನ್ನು ನಿನ್ನ ಸಹವಾಸ ಬೇಡ ಎಂದು ಅವನಿಗೆ ಹೇಳಿ ಬಂದಾಗಿತ್ತು, ಮರ್ಯಾದೆ ಅಡ್ಡ ಬಂತು. ಮೆಟ್ರೊದಲ್ಲಿ ನೇರಳೆ ಮಾರ್ಗ ಹಿಡಿದು ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಿಸಿ ಬರೋಣವೆಂದರೆ, ಕಪ್ಪು ದ್ರವದ ಕ್ಯಾನನ್ನು ಎಕ್ಸ್‌ರೇ ಯಂತ್ರದೊಳಗೆ ಕಳಿಸುವ ಎದೆಗಾರಿಕೆ ಯಾರಿಗಿದೆ? ಕೊನೆಗೆ ಒಂದು ಭಾನುವಾರ ಡಿಕ್ಕಿಯಲ್ಲಿಟ್ಟುಕೊಂಡು ಕೆ.ಆರ್. ಪುರ ತೂಗುಸೇತುವೆ, ಹೆಬ್ಬಾಳ, ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್ ದಾಟಿ ನಮ್ಮ ಮನೆಗೇ ಬಂದ. ಅಕ್ಕನನ್ನು ನೋಡಲು ಬಂದೆ ಎಂದ. ಊಟ ಮುಗಿಸಿ ಇಬ್ಬರೂ ಹೊಂಗೆ ಮರದಡಿಗೆ ಹೋದೆವು. ಮೆಕ್ಯಾನಿಕ್ ಕ್ಯಾನಿನ ಮುಚ್ಚಳ ತೆಗೆದು ನೋಡಿ, "ಇನ್ನೂ ಎರಡು ಸಾವಿರ ಕಿಲೋಮೀಟರ್ ಓಡ್ತಿತ್ತಲ್ಲ ಸಾರ್ ಇದು" ಎಂದ. ಬಾಮೈದ ಮಾತಾಡಲಿಲ್ಲ. ಕ್ಯಾನ್ ಖಾಲಿಯಾಗಿ ನಮ್ಮ ಕೈಗೆ ಬಂತು, ಎಣ್ಣೆ ಅವನ ಬ್ಯಾರೆಲ್ ಸೇರಿತು. ಆ ಬ್ಯಾರೆಲ್ಲನ್ನು ನಾನು ಮೊದಲ ಸಲ ಗಮನವಿಟ್ಟು ನೋಡಿದ್ದು ಆಗಲೇ. ನಾವು ನೂರು ರೂಪಾಯಿ ಕೊಡುವುದು ಬೋಲ್ಟ್ ಬಿಚ್ಚಿದ್ದಕ್ಕೆ ಎಂದುಕೊಂಡಿರುತ್ತೇವೆ. ಅದಕ್ಕೆ ಇಪ್ಪತ್ತೇ ಸಾಕು. ಉಳಿದ ಎಂಬತ್ತು, ಆ ಕೊಳೆ ನೆಲಕ್ಕೆ, ಆ ಬ್ಯಾರೆಲ್‌ಗೆ, ನಮ್ಮ ಕಪ್ಪನ್ನು ನಮ್ಮ ಕಣ್ಣಿಂದ ಮರೆಮಾಡಿದ್ದಕ್ಕೆ.

ಆ ಬ್ಯಾರೆಲ್ ಮುಂದೆ ಎಲ್ಲಿಗೆ ಹೋಗುತ್ತದೆ? ಕಾನೂನಿನ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವ ಮರುಸಂಸ್ಕರಣೆಯವರಿಗೇ ಹೋಗಬೇಕು. ನಮ್ಮ ಕಾರ್ಖಾನೆಯಲ್ಲಿ ಲೀಟರ್ ಲೀಟರಿಗೂ ರಿಜಿಸ್ಟರ್ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದರೆ ಮೊದಲು ಕೇಳುವುದು ಅದನ್ನೇ. 2024ರ ಏಪ್ರಿಲ್ 1ರಿಂದ ಹೊಸ ನಿಯಮವೂ ಬಂದಿದೆ: ಎಣ್ಣೆ ತಯಾರಿಸಿ ಮಾರುವ ಕಂಪನಿಗಳೇ ಹಳೆಯ ಎಣ್ಣೆಯ ಒಂದು ಪಾಲಿನ ಮರುಸಂಸ್ಕರಣೆಗೆ ಹೊಣೆ ಹೊರಬೇಕು, ಆ ಪಾಲು ವರ್ಷದಿಂದ ವರ್ಷಕ್ಕೆ ಏರುತ್ತದೆ. ಒಳ್ಳೆಯ ನಿಯಮ. ಹೊಂಗೆ ಮರದಡಿಗೆ ಅದು ಇನ್ನೂ ತಲುಪಿಲ್ಲ. ಅಲ್ಲಿಗೆ ತಲುಪುವುದು ತಿಂಗಳಿಗೊಮ್ಮೆ ಬರುವ ಟೆಂಪೋ. ಲೀಟರಿಗಿಷ್ಟು ಎಂದು ದುಡ್ಡು ಕೊಟ್ಟು ತುಂಬಿಕೊಂಡು ಹೋಗುತ್ತದೆ. ಅದರಲ್ಲಿ ಒಂದು ಪಾಲು ಸೆಂಟ್ರಿಂಗ್‌ನವರಿಗೆ. ಮೋಲ್ಡ್ ಹಾಕುವ ಮುನ್ನ ತಗಡಿಗೆ ಹಳೆಯ ಇಂಜಿನ್ ಎಣ್ಣೆ ಬಳಿಯುತ್ತಾರಲ್ಲ, ಕಾಂಕ್ರೀಟ್ ಅಂಟದಿರಲಿ ಎಂದು. ಅದಕ್ಕೆಂದೇ ತಯಾರಾದ ಎಣ್ಣೆ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಕಂಟ್ರಾಕ್ಟರ್‌ಗೆ ಇದು ಅಗ್ಗ. ಹೀಗೆ ಒಂದು ಬೇಸ್‌ಮೆಂಟಿನಲ್ಲಿ ಇಳಿದ ಎಣ್ಣೆ ಇನ್ನೊಂದು ಬೇಸ್‌ಮೆಂಟಿನ ಚಾವಣಿಗೆ ತಗುಲಿಕೊಳ್ಳುತ್ತದೆ. ಬಾಮೈದನಿಗೆ ಇದನ್ನು ಹೇಳಿದಾಗ ಅವನು ಮೇಲೆ ನೋಡಿದ. ಮೇಲೆ ಹೊಂಗೆ ಎಲೆ ಮಾತ್ರ ಇತ್ತು.

ಪೀಣ್ಯದ ಎಣ್ಣೆಗೆ ವರ್ಷಕ್ಕೊಮ್ಮೆ ಗೌರವ ಸಲ್ಲುವುದು ಆಯುಧಪೂಜೆಯ ದಿನ. ಹಿಂದಿನ ವಾರವೇ ಮೆಕ್ಯಾನಿಕ್‌ಗಳ ಮುಂದೆ ಸಾಲು, ಪೂಜೆಗೆ ನಿಲ್ಲುವ ಗಾಡಿಗೆ ಹಳೆ ಎಣ್ಣೆ ಇರಬಾರದು ಎಂದು. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ತಯಾರಾಗಿ ಮಾಲೀಕರಿಗಿಂತ ಹೆಚ್ಚು ವಯಸ್ಸಾದ ಲೇತುಗಳಿಗೆ ಶೆಡ್ಡು ಶೆಡ್ಡಿನಲ್ಲೂ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಬೂದುಗುಂಬಳ ಒಡೆದು ರಸ್ತೆಯೆಲ್ಲ ಕೆಂಪು. ಮೆಕ್ಯಾನಿಕ್ ತನ್ನ ಪಾನಾಗಳನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದು, ಎಂಟರಿಂದ ಮೂವತ್ತೆರಡರವರೆಗೆ ಸಾಲಾಗಿ ಜೋಡಿಸಿ, ಅವುಗಳ ಮುಂದೆ ಊದುಬತ್ತಿ ಹಚ್ಚುತ್ತಾನೆ. ಅವತ್ತು ಯಾರ ಗಾಡಿ ಕೆಟ್ಟು ನಿಂತರೂ ಪಾನಾ ಮುಟ್ಟುವುದಿಲ್ಲ. ಬಾಮೈದನೂ ತನ್ನ ಟಾರ್ಕ್ ರೆಂಚ್‌ಗೆ ಅರಿಶಿನ ಹಚ್ಚಿ ಫೋಟೋ ಕಳಿಸಿದ್ದ. ಅದರ ಪಕ್ಕದಲ್ಲಿ ಲ್ಯಾಪ್‌ಟಾಪ್ ಇತ್ತು. ಇಬ್ಬರಿಗೂ ಸಮಪಾಲು ಹೂವು.

ಮಗಳಿಗೆ ಈ ಪುರಾಣವೆಲ್ಲ ಬೇಸರ. ಅವಳದು ಎಲೆಕ್ಟ್ರಿಕ್ ಸ್ಕೂಟರ್, ಇಂಜಿನ್ ಎಣ್ಣೆಯೇ ಇಲ್ಲ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಬಂದ ಮೇಲೆ ಆ ಸ್ಕೂಟರ್ ಕೂಡ ಪಿ.ಜಿ.ಯ ಗೋಡೆಗೆ ಒರಗಿ ನಿಂತಿರುವುದೇ ಹೆಚ್ಚು. ಎಣ್ಣೆಯಿಲ್ಲದ ಗಾಡಿ ಈ ಹೊರವಲಯಕ್ಕೆ ಹೊಸತೇನಲ್ಲ. ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಬೊಮ್ಮಸಂದ್ರದಲ್ಲೇ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲೇ ರಸ್ತೆಗಿಳಿದಿತ್ತು. ನೋಡಿ ನಕ್ಕವರೇ ಹೆಚ್ಚು. ಏಥರ್ ಸ್ಕೂಟರ್ 2018ರಲ್ಲಿ ಮಾರಾಟಕ್ಕೆ ಬಂದಾಗ ಅದರ ಕಾರ್ಖಾನೆ ಇದ್ದದ್ದು ವೈಟ್‌ಫೀಲ್ಡಿನಲ್ಲೇ. ಈ ಗಾಡಿಗಳು ಕೆಟ್ಟರೆ ಪಾನಾ ಹಿಡಿಯುವ ಮೊದಲು ಲ್ಯಾಪ್‌ಟಾಪ್ ಹಚ್ಚಬೇಕು. ನಮ್ಮ ಮೆಕ್ಯಾನಿಕ್‌ಗೆ ಚಿಂತೆಯಿದೆಯೇ ಎಂದು ಕೇಳಿದೆ. "ಟಯರ್ ಇರುತ್ತಲ್ಲ ಸಾರ್, ಪಂಚರ್ ಆಗುತ್ತಲ್ಲ" ಎಂದ. ಬೆಂಗಳೂರಿನ ರಸ್ತೆಗಳ ಮೇಲೆ ಅವನಿಗಿರುವ ವಿಶ್ವಾಸ ದೊಡ್ಡದು.

ನನ್ನ ತೀರ್ಮಾನ ಕೇಳುವವರಿಗೆ ಇಷ್ಟು ಹೇಳಬಲ್ಲೆ. ಸ್ವಂತ ಅಂಗಳ, ಬಿಡುವು, ಹಳೆ ಎಣ್ಣೆ ಕೊಡಲು ಗೊತ್ತಿರುವ ಜಾಗ ಇದ್ದವರು ಧಾರಾಳವಾಗಿ ತಾವೇ ಬದಲಿಸಿಕೊಳ್ಳಲಿ. ವಾರಂಟಿ ಮುಗಿಯದವರು ಕಂಪನಿಯ ಸೆಂಟರಿಗೆ ಹೋಗಲಿ. ಉಳಿದ ನಮ್ಮಂಥವರಿಗೆ ಮರದಡಿಯೇ ಸರಿ. ಎಣ್ಣೆಯನ್ನು ಗೊತ್ತಿರುವ ಅಂಗಡಿಯಲ್ಲಿ ನೀವೇ ಕೊಂಡು ತನ್ನಿ, ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ, ಕೆಲಸ ಮುಗಿಯುವವರೆಗೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಲ್ಲೇ ನಿಲ್ಲಿ, ಕೂಲಿಗೆ ಚೌಕಾಸಿ ಮಾಡಬೇಡಿ. ಆ ಬ್ಯಾರೆಲ್ ಯಾರಿಗೆ ಹೋಗುತ್ತದೆ ಎಂದು ಒಮ್ಮೆ ಕೇಳಿ, ಹತ್ತು ಜನ ಕೇಳಿದರೆ ಅವನೂ ಟೆಂಪೋದವನನ್ನು ಕೇಳುತ್ತಾನೆ. ಇನ್ನೊಂದು ಮುಖ್ಯ ವಿಷಯ, ಇದನ್ನು ಮಾತ್ರ ಮರೆಯಬೇಡಿ: ಖಾಲಿಯಾದ ಎಣ್ಣೆ ಡಬ್ಬಿಯನ್ನು ಹಾಗೇ ಬಿಟ್ಟು ಬರಬೇಡಿ. ಒಳ್ಳೆಯ ಬ್ರಾಂಡಿನ ಖಾಲಿ ಡಬ್ಬಿಗೆ ನಕಲಿ ಎಣ್ಣೆ ತುಂಬಿ ಮಾರುವವರಿದ್ದಾರೆ. ಅಲ್ಲೇ ಬಿದ್ದಿರುವ ಸ್ಕ್ರೂಡ್ರೈವರ್ ತೆಗೆದುಕೊಂಡು ಡಬ್ಬಿಗೆ ಎರಡು ತೂತು ಹೊಡೆದು, ಲೇಬಲ್ ಹರಿದು, ಆಮೇಲೆ ಗುಜರಿಗೆ ಹಾಕಿ.